ಟಿನ್ ಮೀನು: ಸಾರಲ್ಲಿ ಕರಗುತ್ತೆ, ಪಲ್ಯದಲ್ಲಿ ಒಣಗುತ್ತೆ, ಕಟ್ಲೆಟ್ ಒಡೆಯುತ್ತೆ. ಸರಿಯಾದ ಕ್ರಮ ಯಾವುದು?

ಸರಸ್ವತಿಪುರಂ_ಸೌಟು:
ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಮೈಸೂರಿಗೆ ಬಂಗುಡೆ, ಭೂತಾಯಿ ಬರುವುದೇ ಕಡಿಮೆ, ಬಂದದ್ದಕ್ಕೂ ರೇಟು ಜಾಸ್ತಿ. ಅದಕ್ಕೇ ಟಿನ್ ಮೀನಿನ ವಿಚಾರ. ಈಗ ಮನೆಯಲ್ಲಿ ಮೂರು ಥರ ಇವೆ: ಎಣ್ಣೆಯಲ್ಲಿರುವ ಟ್ಯೂನಾ 185 ಗ್ರಾಂ, ಟೊಮ್ಯಾಟೊ ಸಾಸ್‌ನಲ್ಲಿರುವ ಸಾರ್ಡೀನ್ 155 ಗ್ರಾಂ, ಉಪ್ಪುನೀರಿನಲ್ಲಿರುವ ಮ್ಯಾಕೆರೆಲ್ 425 ಗ್ರಾಂ.

ಸಾರು ಮಾಡಿದರೆ ಮೀನು ಕರಗಿ ಅಂಬಲಿಯಂತಾಗುತ್ತೆ. ಪಲ್ಯ ಮಾಡಿದರೆ ಒಣಗಿ ಮರದಪುಡಿ ಅಗಿದ ಹಾಗೆ. ಕಟ್ಲೆಟ್ ಎಣ್ಣೆಗೆ ಬಿಟ್ಟ ತಕ್ಷಣ ಬಾಯಿ ಬಿಡುತ್ತೆ. ತಿಳಿದವರು ಹೇಳಿ. ‘ರುಚಿಗೆ ತಕ್ಕಷ್ಟು’ ಅನ್ನಬೇಡಿ, ಅಳತೆ ಸಮೇತ ಬೇಕು.

ಮಂಡ್ಯದ_ಒಲೆ:
ಅಕ್ಕ, ಮೂರು ತೊಂದ್ರೆಗೂ ಬುಡ ಒಂದೇ. ಟಿನ್ ಒಳಗಿರೋದು ಹಸಿ ಮೀನಲ್ಲ, ಬೆಂದ ಮೀನು. ಕಾಟ್ಲಾ, ಜಿಲೇಬಿ ಮೀನಿನ ಸಾರು ಮಾಡೋ ಲೆಕ್ಕದಲ್ಲೇ ಅದನ್ನೂ ಎಸರಿಗೆ ಹಾಕಿ ಹತ್ತು ನಿಮಿಷ ಕುದಿಸಿದ್ರೆ ಇನ್ನೇನಾಯ್ತದೆ? ಹಸಿ ಮೀನು ಎಸರಲ್ಲಿ ಬಿಗಿಯಾಯ್ತದೆ, ಟಿನ್ ಮೀನು ಬಿಟ್ಕೊಳ್ತದೆ. ಮಸಾಲೆ ಪೂರ್ತಿ ಬೆಂದ ಮೇಲೆ, ಕಟ್ಟಕಡೇಲಿ ಮೀನು. ಇಷ್ಟು ಹಿಡಿದ್ರೆ ಅರ್ಧ ಗೆದ್ದಂಗೆ.

ನಿಮ್ಮ ಸಾರ್ಡೀನ್‌ಗೆ ಬದನೆಕಾಯಿ ಸಾರು ಮಾಡಿ. ಒಣಮೀನಿಗೆ ಬದನೆಕಾಯಿ ಹಾಕ್ತೀವಲ್ಲ, ಅದೇ ಜೋಡಿ. ನಾಕು ಮುದ್ದೆಗೆ ಆಗೋ ಅಳತೆ ಹೇಳ್ತೀನಿ. 155 ಗ್ರಾಂ ಟಿನ್ ಎರಡು, ಬದನೆಕಾಯಿ 200 ಗ್ರಾಂ, ಈರುಳ್ಳಿ ಎರಡು, ಬೆಳ್ಳುಳ್ಳಿ ಎಂಟು ಎಸಳು, ಕಾಯಿತುರಿ ಅರ್ಧ ಬಟ್ಟಲು, ಧನ್ಯದ ಪುಡಿ ಎರಡು ಚಮಚ, ಅಚ್ಚಖಾರದ ಪುಡಿ ಒಂದೂವರೆ ಚಮಚ, ಅರಿಶಿನ ಕಾಲು ಚಮಚ, ಮೆಂತ್ಯ ಹತ್ತೇ ಕಾಳು. ಹುಣಸೆಹಣ್ಣು ಹಸಿ ಮೀನಿಗೆ ನಿಂಬೆಹಣ್ಣಿನ ಗಾತ್ರ ಹಾಕ್ತೀವಿ, ಇಲ್ಲಿ ಅದರಲ್ಲಿ ಅರ್ಧ ಸಾಕು, 10 ಗ್ರಾಂ ದಾಟಬಾರದು. ಟೊಮ್ಯಾಟೊ ಸಾಸು ಆಗಲೇ ಹುಳಿ, ಜೊತೆಗೆ ಒಸಿ ಸಿಹಿನೂ ಇರ್ತದೆ.

ಒಂದು ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ, ಕಾಯಿ, ಪುಡಿಗಳ ಜೊತೆ ನುಣ್ಣಗೆ ರುಬ್ಬಿ. ಪಾತ್ರೆಗೆ ಎರಡು ಚಮಚ ಎಣ್ಣೆ, ಸಾಸಿವೆ, ಮೆಂತ್ಯ, ಕರಿಬೇವು, ಇನ್ನೊಂದು ಈರುಳ್ಳಿ. ಬದನೆಕಾಯಿ ಹಾಕಿ ಎರಡು ನಿಮಿಷ ಬಾಡಿಸಿ, ರುಬ್ಬಿದ್ದು ಹಾಕಿ, ಮೂರು ಲೋಟ ನೀರು, ಅಂದ್ರೆ 600 ಮಿಲಿ. ಬದನೆಕಾಯಿ ಬೇಯೋವರ್ಗೂ 12 ನಿಮಿಷ ಕುದೀಲಿ. ಹುಣಸೆ ರಸ ಇದಕ್ಕಿಂತ ಮುಂಚೆ ಬೇಡ, ಹುಳಿ ಬಿದ್ರೆ ಬದನೆಕಾಯಿ ಬೇಯೋದು ತಡ. ರಸ ಹಾಕಿ ಇನ್ನೈದು ನಿಮಿಷ, ಹಸಿ ವಾಸನೆ ಹೋಗಿ ಮೇಲೆ ಎಣ್ಣೆ ಕಾಣಬೇಕು. ಆಮೇಲೆ ಟಿನ್‌ನ ಸಾಸನ್ನ ಸುರಿದು ಒಂದು ಕುದಿ, ಉರಿ ಸಣ್ಣ ಮಾಡಿ ಮೀನನ್ನ ಪಕ್ಕದಿಂದ ಜಾರಿಸಿ. ಸೌಟು ಹಾಕ್‌ಬ್ಯಾಡಿ. ಪಾತ್ರೆ ಕಿವಿ ಹಿಡಿದು ಒಂದ್ಸಲ ಅಲ್ಲಾಡಿಸಿ ಅಷ್ಟೇ. ಮೂರು ನಿಮಿಷಕ್ಕೆ ಒಲೆ ಆರಿಸಿ ಮುಚ್ಚಿಬುಡಿ. ಇಪ್ಪತ್ತು ನಿಮಿಷ ಹಂಗೇ ಬಿಟ್ರೆ ಖಾರ ಹುಳಿ ಒಳಗೆ ಇಳೀತದೆ, ಕುದಿಸಿ ಇಳಿಸೋದಲ್ಲ.

ಉಪ್ಪು ಕಡೇಲಿ, ಅದೂ ಎಸರು ನೆಕ್ಕಿ ನೋಡಿ. ಟಿನ್ ಉಪ್ಪು ಲೆಕ್ಕಕ್ಕೆ ತಗೊಳ್ದೆ ಮೊದಲೇ ಹಾಕಿದ್ರೆ ತೆಗಿಯೋಕಾಯ್ತದಾ?

ಲ್ಯಾಬ್‌ಕೋಟು:
ಒಲೆಯವರು ಹೇಳಿದ್ದು ಸರಿ. ಕಾರಣವನ್ನೂ ಸೇರಿಸಿದರೆ ಬೇರೆ ಅಡುಗೆಗೂ ಅನ್ವಯಿಸಿಕೊಳ್ಳಬಹುದು.

ಮೀನು ತುಂಬಿದ ಡಬ್ಬಿಯ ಬಾಯಿಯನ್ನು ಯಂತ್ರದಲ್ಲಿ ಎರಡು ಮಡಿಕೆ ಹಾಕಿ ಮುಚ್ಚುತ್ತಾರೆ. ಆಮೇಲೆ ರಿಟಾರ್ಟ್ ಎಂಬ ದೊಡ್ಡ ಒತ್ತಡದ ಪಾತ್ರೆಯಲ್ಲಿ 115ರಿಂದ 121 ಡಿಗ್ರಿ ಶಾಖದಲ್ಲಿ ಬೇಯಿಸುತ್ತಾರೆ. ಮೀನಿನ ಸ್ನಾಯುಗಳು ಹಾಳೆ ಹಾಳೆಯಾಗಿರುತ್ತವೆ, ಅವನ್ನು ಹಿಡಿದಿಡುವ ತೆಳು ಪೊರೆ ಕುರಿ ಕೋಳಿಯದಕ್ಕಿಂತ ಬಹಳ ಮೆದು. ಆ ಶಾಖಕ್ಕೆ ಪೊರೆ ಜಿಲಾಟಿನ್ ಆಗಿ ಕರಗಿಹೋಗುತ್ತದೆ. ಡಬ್ಬಿಯಲ್ಲಿ ಸಾರ್ಡೀನ್ ಇಡಿಯಾಗಿ ಕಾಣುವುದು ಒತ್ತಿ ಜೋಡಿಸಿರುವುದರಿಂದ ಮಾತ್ರ. ಸೌಟು ತಾಗಿದರೆ ಹಾಳೆಗಳು ಬೇರೆಯಾಗುತ್ತವೆ.

ಟ್ಯೂನಾದ ಕಥೆ ಇದಕ್ಕೆ ಉಲ್ಟಾ. ಅದನ್ನು ಮೊದಲು ಇಡಿಯಾಗಿ ಹಬೆಯಲ್ಲಿ ಬೇಯಿಸಿ, ತಣಿಸಿ, ಚರ್ಮ, ಮುಳ್ಳು, ಕಪ್ಪು ಮಾಂಸ ಬಿಡಿಸಿ ಡಬ್ಬಿಗೆ ತುಂಬುತ್ತಾರೆ. ರಿಟಾರ್ಟ್‌ನಲ್ಲಿ ಮತ್ತೆ ಬೇಯುತ್ತದೆ. ಹೀಗೆ ಎರಡು ಸಲ ಬೆಂದು ತನ್ನ ನೀರನ್ನೆಲ್ಲ ಬಿಟ್ಟುಕೊಟ್ಟಿರುತ್ತದೆ. ನೀವು ಬಾಣಲೆಯಲ್ಲಿ ಮಾಡುವುದು ಮೂರನೇ ಬೇಯಿಸುವಿಕೆ, ಮರದಪುಡಿ ಆಗುವುದು ಅಲ್ಲೇ. ಸಾರ್ಡೀನ್ ಕೊಬ್ಬಿನ ಮೀನು, ಕರಗುತ್ತದೆ. ಟ್ಯೂನಾ ಕೊಬ್ಬು ಕಡಿಮೆಯ ಮೀನು, ಒಣಗುತ್ತದೆ.

ಸಾರ್ಡೀನ್‌ನ ಮುಳ್ಳು ತೆಗೆಯುವ ಕೆಲಸ ಇಲ್ಲ. ಬೆರಳಲ್ಲಿ ಒತ್ತಿದರೆ ಪುಡಿಯಾಗುವಷ್ಟು ಬೆಂದಿರುತ್ತದೆ. ಮುಳ್ಳು ಸಮೇತ ತಿಂದರೆ 100 ಗ್ರಾಂಗೆ ಸುಮಾರು 380 ಮಿಲಿಗ್ರಾಂ ಕ್ಯಾಲ್ಸಿಯಂ, ಹಾಲಿಗಿಂತ ಮೂರು ಪಟ್ಟು. ಮುಳ್ಳು ಬಿಸಾಡಿದರೆ ಆ ಲಾಭ ಇಲ್ಲ.

ಮಂಡ್ಯದ_ಒಲೆ:
ಅದೇ ಕಣಣ್ಣ. ಮುದ್ದೆ ಅಗಿಯೋದಲ್ಲ, ನುಂಗೋದು. ಕೆರೆ ಮೀನಿನ ಸಾರಲ್ಲಿ ತುತ್ತಿನ ಜೊತೆ ಎಲ್ಲಿ ಮುಳ್ಳು ಹೋಯ್ತದೋ ಅಂತ ಒಂದು ಕಣ್ಣು ಇಡಬೇಕು. ಟಿನ್ ಸಾರ್ಡೀನಿಗೆ ಆ ಭಯ ಇಲ್ಲ. ದೊಡ್ಡ ಮ್ಯಾಕೆರೆಲ್ ಟಿನ್‌ಗೆ ಮಾತ್ರ ನಡು ಮುಳ್ಳು ನೋಡ್ಕೊಳ್ಳಿ, ಮಧ್ಯದ ಗಂಟು ಒಸಿ ಕರುಕುರು ಅಂತದೆ. ಮಕ್ಕಳಿಗೆ ತೆಗೆದು ಕೊಡಿ.

ಸರಸ್ವತಿಪುರಂ_ಸೌಟು:
ಒಳ್ಳೆ ವಿವರ, ಥ್ಯಾಂಕ್ಸ್. ಹಾಗಾದರೆ ಟ್ಯೂನಾ ಪಲ್ಯ ಒಣಗದ ಹಾಗೆ ಹೇಗೆ? ಅಂಗಡಿಯಲ್ಲಿ ಚಂಕ್ಸ್, ಫ್ಲೇಕ್ಸ್ ಅಂತೆಲ್ಲ ಇದೆ. ನೀರಿನದು, ಎಣ್ಣೆಯದು, ಯಾವುದು ತರಬೇಕು?

ಕುವೆಂಪುನಗರ_ಕಡಾಯಿ:
ಪಲ್ಯಕ್ಕೆ ಫ್ಲೇಕ್ಸ್ ಸಾಕು ಮೇಡಂ. ಹೇಗೂ ಉದುರಿಸುವುದಕ್ಕೆ ದೊಡ್ಡ ತುಂಡಿನ ದುಡ್ಡು ಯಾಕೆ. ಗೊಜ್ಜು, ಬಿರಿಯಾನಿಯಂಥದ್ದಕ್ಕೆ ಚಂಕ್ಸ್. ರೇಟು ಹೋಲಿಸುವಾಗ ಡಬ್ಬಿಯ ಮುಂದಿನ ತೂಕ ನೋಡಬೇಡಿ, ಹಿಂದೆ ಬಸಿದ ತೂಕ ಅಂತ ಬೇರೆ ಬರೆದಿರುತ್ತಾರೆ. 185 ಗ್ರಾಂ ಡಬ್ಬಿಯಲ್ಲಿ ಮೀನು ಸುಮಾರು 130 ಗ್ರಾಂ, ಉಳಿದದ್ದು ಎಣ್ಣೆ ಅಥವಾ ನೀರು. ಕೆಲವದರಲ್ಲಿ ಇನ್ನೂ ಕಡಿಮೆ.

ಎಣ್ಣೆಯದು ಪಲ್ಯಕ್ಕೆ, ನೀರಿನದು ಮೊಸರು ಹಾಕುವ ಸ್ಯಾಂಡ್‌ವಿಚ್‌ಗೆ, ಕೋಸಂಬರಿ ಥರ ಕಲಸುವುದಕ್ಕೆ. ಬಸಿದ ಮೇಲೂ ಎಣ್ಣೆಯದು 100 ಗ್ರಾಂಗೆ ಸುಮಾರು 200 ಕ್ಯಾಲೊರಿ, ನೀರಿನದು 100–120. ಪ್ರೋಟೀನ್ ಎರಡರಲ್ಲೂ ಹೆಚ್ಚುಕಡಿಮೆ 25 ಗ್ರಾಂ.

ಪಲ್ಯ: ಎರಡು ಡಬ್ಬಿ, ಅಂದರೆ ಬಸಿದ ಮೀನು 260 ಗ್ರಾಂ. ಈರುಳ್ಳಿ 300 ಗ್ರಾಂ. ಇದು ಜಾಸ್ತಿ ಅನ್ನಿಸಬಹುದು, ಆದರೆ ಪಲ್ಯಕ್ಕೆ ತೇವ ಕೊಡುವುದು ಈರುಳ್ಳಿಯೇ, ಮೀನಿನಿಂದ ಒಂದು ಹನಿಯೂ ಬರುವುದಿಲ್ಲ. ಹಸಿಮೆಣಸಿನಕಾಯಿ ಮೂರು, ಶುಂಠಿ ಒಂದಿಂಚು, ಬೆಳ್ಳುಳ್ಳಿ ಆರು ಎಸಳು, ಕರಿಬೇವು ಎರಡು ಕಡ್ಡಿ, ಅರಿಶಿನ ಕಾಲು ಚಮಚ, ಕುಟ್ಟಿದ ಕರಿಮೆಣಸು ಒಂದು ಚಮಚ, ಕಾಯಿತುರಿ ನಾಲ್ಕು ದೊಡ್ಡ ಚಮಚ, ಅರ್ಧ ನಿಂಬೆಹಣ್ಣು.

ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಮುಚ್ಚಿ 8–10 ನಿಮಿಷ ಮೆತ್ತಗಾಗಿಸಿ, ಕೆಂಪಗೆ ಹುರಿಯಬೇಡಿ. ಕೆಂಪಾಯಿತು ಅಂದರೆ ಅದರ ನೀರು ಹೋಯಿತು ಅಂತ ಅರ್ಥ. ಅರಿಶಿನ, ಮೆಣಸು, ಕಾಯಿತುರಿ ಹಾಕಿ ಒಂದು ನಿಮಿಷ. ಮೀನು ಹಾಕಿ ಎರಡು ನಿಮಿಷ ಕೆದಕಿ, ಬಿಸಿಯಾದರೆ ಮುಗಿಯಿತು. ಒಲೆ ಆರಿಸಿ ನಿಂಬೆ. ಇನ್ನೂ ಮೆದು ಬೇಕಿದ್ದರೆ ಮೀನಿಗೆ ಮುಂಚೆ ಎರಡು ಮೊಟ್ಟೆ ಒಡೆದು, ಅರ್ಧ ಬೆಂದಾಗ ಮೀನು ಸೇರಿಸಿ. ಚಪಾತಿಗೆ ಸುತ್ತಿ ಕಟ್ಟಿಕೊಡಲು ಇದೇ ಒಳ್ಳೆಯದು, ಪುಡಿ ಉದುರುವುದಿಲ್ಲ.

ಡಬ್ಬಿಯ ಎಣ್ಣೆ ಚೆಲ್ಲಿಬಿಡಿ.

ಮಂಡ್ಯದ_ಒಲೆ:
ಚೆಲ್ಲೋದ್ಯಾಕೆ? ಅದರಲ್ಲೇ ಒಗ್ಗರಣೆ ಹಾಕಿದ್ರೆ ರುಚಿ ಅಲ್ವಾ? ದುಡ್ಡು ಕೊಟ್ಟಿರೋ ಎಣ್ಣೆ.

ಕುವೆಂಪುನಗರ_ಕಡಾಯಿ:
ಒಗ್ಗರಣೆಗೆ ಖಂಡಿತ ಬೇಡ ಸಾರ್. ಬಸಿದ ಎಣ್ಣೆಯಲ್ಲಿ ಮೀನಿನ ರಸವೂ ಬೆರೆತಿರುತ್ತದೆ. ಸಾಸಿವೆ ಸಿಡಿಸುವಷ್ಟು ಕಾಯಿಸಿದರೆ ಚಟಪಟ ಸಿಡಿದು ಮೈಮೇಲೆ ಹಾರುತ್ತದೆ. ಮೀನೆಣ್ಣೆಯ ಅಂಶ ಕಾದರೆ ಮನೆಯೆಲ್ಲ ವಾಸನೆ, ಪಲ್ಯವೂ ಕಮಟು. ಬಿಸಾಡಲು ಮನಸ್ಸಿಲ್ಲದಿದ್ದರೆ ಒಲೆ ಆರಿಸಿದ ಮೇಲೆ ಒಂದು ಚಮಚ ಮೇಲಿಂದ ಹಾಕಿ. ಆಲಿವ್ ಎಣ್ಣೆಯ ಡಬ್ಬಿಯಾದರೆ ಬೇಯಿಸಿದ ಆಲೂಗೆಡ್ಡೆಗೆ ಉಪ್ಪು, ಮೆಣಸಿನ ಜೊತೆ ಕಲಸಬಹುದು. ಸೋಯಾ ಎಣ್ಣೆಯದಕ್ಕೆ ಅಷ್ಟು ಮುತುವರ್ಜಿ ಬೇಕಿಲ್ಲ.

ಲ್ಯಾಬ್‌ಕೋಟು:
ಒಂದು ಮಾತು ಒಲೆಯವರ ಪರ. ಮೀನಿನಲ್ಲಿರುವ ಒಮೆಗಾ-3 ಎಂಬ ಒಳ್ಳೆಯ ಕೊಬ್ಬು ಸ್ವಲ್ಪ ಸುತ್ತಲಿನ ಎಣ್ಣೆಗೆ ಇಳಿದಿರುತ್ತದೆ, ಎಣ್ಣೆ ಚೆಲ್ಲಿದರೆ ಅದೂ ಹೋಗುತ್ತದೆ. ನೀರಿನ ಡಬ್ಬಿಯಲ್ಲಿ ಈ ನಷ್ಟ ಕಡಿಮೆ, ಕೊಬ್ಬು ನೀರಿಗೆ ಬೆರೆಯುವುದಿಲ್ಲವಲ್ಲ. ಒಮೆಗಾ-3ಗಾಗಿಯೇ ತಿನ್ನುವುದಾದರೆ ಟ್ಯೂನಾ ಬಿಟ್ಟು ಸಾರ್ಡೀನ್, ಮ್ಯಾಕೆರೆಲ್ ತೆಗೆದುಕೊಳ್ಳಿ.

ಸರಸ್ವತಿಪುರಂ_ಸೌಟು:
ಮ್ಯಾಕೆರೆಲ್ ಅಂದರೆ ಬಂಗುಡೆಯೇ ತಾನೆ? ಡಬ್ಬಿಯ ಮೇಲಿನ ಚಿತ್ರ ಬಂಗುಡೆ ಹಾಗೆ ಇಲ್ಲ.

ಕುವೆಂಪುನಗರ_ಕಡಾಯಿ:
ಅದೇ ಮೀನು ಆಗಿರಬೇಕಿಲ್ಲ. ಹೊರದೇಶದಿಂದ ಬರುವ ಡಬ್ಬಿಗಳಲ್ಲಿ ಬಂಗುಡೆಯ ಬಳಗದ ಪೆಸಿಫಿಕ್ ಮ್ಯಾಕೆರೆಲ್, ಬೇರೆ ಬಳಗದ ಜ್ಯಾಕ್ ಮ್ಯಾಕೆರೆಲ್ ಥರದವು ಇರುತ್ತವೆ. ತಲೆ ಬಾಲ ತೆಗೆದು ಅಡ್ಡ ಕತ್ತರಿಸಿದ ದಪ್ಪ ತುಂಡುಗಳು. ಬಂಗುಡೆ ಮಸಾಲೆ ಹಚ್ಚಿ ತವಾ ಮೇಲೆ ಕರಿಯುವ ಆಸೆ ಬಿಡಿ, ತಿರುವಿ ಹಾಕುವಾಗ ತವಾಗೇ ಅಂಟಿಕೊಂಡು ಉಳಿಯುತ್ತೆ. ಬಸಿದು, ನಡು ಮುಳ್ಳು ಬಿಡಿಸಿ, ಮೇಲೆ ಹೇಳಿದ ಪಲ್ಯದ ಕ್ರಮದಲ್ಲೇ ಪುಟ್ಟು (ಉದುರಿಸಿದ ಮೀನಿನ ಪಲ್ಯ) ಮಾಡಿ, ಕಾಯಿತುರಿ ಎರಡರಷ್ಟು. 425 ಗ್ರಾಂ ಡಬ್ಬಿ ನಾಲ್ಕು ಜನಕ್ಕೆ ಆಗುತ್ತೆ. ಉಪ್ಪು ಜಾಸ್ತಿ ಅನ್ನಿಸಿದರೆ ಜಾಲರಿಯಲ್ಲಿಟ್ಟು ತಣ್ಣೀರು ಅರ್ಧ ನಿಮಿಷ ಹರಿಸಿ, ಐದು ನಿಮಿಷ ಸೋರಲು ಬಿಡಿ. ಡಬ್ಬಿಯ ನೀರನ್ನು ಸಾರಿಗೆ ಹಾಕುವುದಾದರೆ ಅರ್ಧ ಲೋಟ ಮೀರದಂತೆ ಹಾಕಿ, ಬೇರೆ ಉಪ್ಪು ಮುಟ್ಟಬೇಡಿ.

ಗೋಕುಲಂ_ತವಾ:
ಕಟ್ಲೆಟ್ ಬಗ್ಗೆ ಯಾರೂ ಹೇಳಲಿಲ್ಲ. ಒಡೆಯುವುದಕ್ಕೆ ಕಾರಣ ತೇವ, ಮತ್ತು ಆ ತೇವ ಹೆಚ್ಚಾಗಿ ಮೀನಿನದಲ್ಲ, ಆಲೂಗೆಡ್ಡೆಯದು. ಆಲೂಗೆಡ್ಡೆ ಕತ್ತರಿಸಿ ಕುಕ್ಕರ್ ನೀರಿಗೆ ಹಾಕಿ ಮೂರು ವಿಷಲ್ ಕೂಗಿಸಿದರೆ ಸ್ಪಂಜಿನ ಹಾಗೆ ನೀರು ಕುಡಿದಿರುತ್ತೆ. ಸಿಪ್ಪೆ ಸಮೇತ ಇಡಿಯಾಗಿ, ನೀರಿಗೆ ತಾಗದಂತೆ ಒಳಪಾತ್ರೆಯಲ್ಲಿಟ್ಟು ಬೇಯಿಸಿ. ಸಿಪ್ಪೆ ಸುಲಿದು ಪುಡಿ ಮಾಡಿ ತಟ್ಟೆಯಲ್ಲಿ ಹರಡಿ, ಹಬೆ ಪೂರ್ತಿ ಆರಲಿ. ಬಿಸಿ ಇರುವಾಗಲೇ ಕಲಸಿದರೆ ಹಬೆ ಒಳಗೇ ನೀರಾಗುತ್ತೆ.

ಅಳತೆ: ಬಸಿದ ಟ್ಯೂನಾ 130 ಗ್ರಾಂ, ಆಲೂಗೆಡ್ಡೆ 150 ಗ್ರಾಂ, ತುಪ್ಪದಂತೆ ಸಣ್ಣಗೆ ಹೆಚ್ಚಿ ಬಾಡಿಸಿ ಆರಿಸಿದ ಈರುಳ್ಳಿ 50 ಗ್ರಾಂ, ಹಸಿಮೆಣಸಿನಕಾಯಿ ಎರಡು, ಪುದೀನ ಹತ್ತು ಎಲೆ, ಗರಂ ಮಸಾಲೆ ಅರ್ಧ ಚಮಚ, ಬ್ರೆಡ್ ಪುಡಿ ಎರಡು ದೊಡ್ಡ ಚಮಚ. ಟ್ಯೂನಾವನ್ನು ತೆಳುಬಟ್ಟೆಯಲ್ಲಿ ಕಟ್ಟಿ ಹಿಂಡಿ. ಎಂಟು ಬಿಲ್ಲೆ ಆಗುತ್ತೆ, ಒಂದೊಂದು ಒಂದೂವರೆ ಸೆಂಟಿಮೀಟರ್ ದಪ್ಪ. ಫ್ರಿಜ್‌ನಲ್ಲಿ 30 ನಿಮಿಷ ಇಡಿ. ಆಮೇಲೆ ಮೈದಾ, ಹೊಡೆದ ಮೊಟ್ಟೆ, ಬ್ರೆಡ್ ಪುಡಿ, ಈ ಕ್ರಮದಲ್ಲೇ. ಮೈದಾ ಬಿಟ್ಟರೆ ಮೊಟ್ಟೆ ಜಾರುತ್ತೆ, ಕವಚ ಸಿಪ್ಪೆಯಂತೆ ಕಳಚಿಕೊಳ್ಳುತ್ತೆ.

ಎಣ್ಣೆ ಕಾದಿರಬೇಕು, 170–175 ಡಿಗ್ರಿ. ಬ್ರೆಡ್ ಚೂರು ಹಾಕಿದರೆ ತಕ್ಷಣ ಮೇಲೆ ಬಂದು ಅರ್ಧ ನಿಮಿಷ ದಾಟುವಷ್ಟರಲ್ಲಿ ಹೊಂಬಣ್ಣ ಆಗಬೇಕು. ಒಳಗಿರುವುದೆಲ್ಲ ಬೆಂದದ್ದೇ, ಕವಚ ಕೆಂಪಾದರೆ ತೆಗೆಯಿರಿ. ಒಂದು ಸಲಕ್ಕೆ ಮೂರು ಮಾತ್ರ. ಐದಾರು ತುಂಬಿದರೆ ಎಣ್ಣೆ ತಣ್ಣಗಾಗಿ, ಕವಚ ಗಟ್ಟಿಯಾಗುವ ಮುಂಚೆ ಒಳಗಿನ ಹಬೆ ಅದನ್ನು ಸೀಳುತ್ತೆ. ನೀವು ಹೇಳಿದ ‘ಬಾಯಿ ಬಿಡುವುದು’ ಇದೇ.

ಸರಸ್ವತಿಪುರಂ_ಸೌಟು:
‘ತುಪ್ಪದಂತೆ ಸಣ್ಣಗೆ’ ಹೆಚ್ಚುವುದು ಹೇಗೋ!

ಗೋಕುಲಂ_ತವಾ:
ರವೆಯಂತೆ ಅನ್ನಬೇಕಿತ್ತು, ಬೆರಳು ಜಾರಿತು. ದಪ್ಪ ಚೂರು ಇದ್ದಲ್ಲೇ ಬಿರುಕು ಶುರುವಾಗುವುದು, ಅದಕ್ಕೆ ಹೇಳಿದ್ದು.

ಕಾರಂಜಿಕೆರೆ_ಕೊಕ್ಕರೆ:
ಒಂದು ಅನುಮಾನ. ಟಿನ್ ಮೀನಿನಲ್ಲಿ ಕೆಲವು ಸಲ ಗಾಜಿನ ಚೂರಿನಂಥದ್ದು ಸಿಗುತ್ತೆ. ಒಳಗೋಡೆ ಕಪ್ಪಗಾಗಿರುವುದೂ ಉಂಟು. ಬಿಸಾಡಬೇಕಾ? ನೆಗ್ಗಿದ ಡಬ್ಬಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಕೊಡುತ್ತಾರೆ, ತರಬಹುದಾ?

ಲ್ಯಾಬ್‌ಕೋಟು:
ಗಾಜಿನಂಥದ್ದು ಬಹುಮಟ್ಟಿಗೆ ಸ್ಟ್ರುವೈಟ್ ಹರಳು. ಮೀನಿನಲ್ಲೇ ಇರುವ ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟ್ ಸೇರಿ ಡಬ್ಬಿ ನಿಧಾನವಾಗಿ ತಣಿಯುವಾಗ ಕಟ್ಟಿಕೊಳ್ಳುತ್ತದೆ. ಪರೀಕ್ಷೆ ಸುಲಭ: ಬಟ್ಟಲಲ್ಲಿ ವಿನೆಗರ್ ಅಥವಾ ನಿಂಬೆರಸ ಬೆಚ್ಚಗೆ ಮಾಡಿ ಹಾಕಿಡಿ. ಹರಳಾದರೆ ಕೆಲವು ನಿಮಿಷಗಳಲ್ಲಿ ಕರಗತೊಡಗುತ್ತದೆ, ಉಗುರಲ್ಲಿ ಒತ್ತಿದರೂ ಪುಡಿಯಾಗುತ್ತದೆ. ಗಾಜು ಎರಡಕ್ಕೂ ಜಗ್ಗುವುದಿಲ್ಲ. ಕರಗದಿದ್ದರೆ ಆ ಮೀನು ತಿನ್ನಬೇಡಿ, ಡಬ್ಬಿ ಸಮೇತ ಅಂಗಡಿಗೆ ಒಯ್ಯಿರಿ.

ಒಳಗೋಡೆಯ ಕಪ್ಪು ಕಲೆ ಮೀನಿನ ಗಂಧಕ ತಗಡಿನ ಜೊತೆ ಸೇರಿ ಆದದ್ದು, ಅಪಾಯವಿಲ್ಲ. ತುಕ್ಕು ಬೇರೆ, ಕಂದು ಬಣ್ಣ, ಕೆರೆದರೆ ಪುಡಿ ಬರುತ್ತದೆ. ಮೇಲಿನ ತುಕ್ಕು ಬಟ್ಟೆಯಲ್ಲಿ ಒರೆಸಿದರೆ ಹೋಗುವಂತಿದ್ದರೆ ಪರವಾಗಿಲ್ಲ, ಗುಳಿ ಬಿದ್ದಿದ್ದರೆ ಬೇಡ. ಮೀನಿನ ಮೇಲಿನ ಮೊಸರಿನಂಥ ಬಿಳಿ ಹೆಪ್ಪು ಹೆಪ್ಪುಗಟ್ಟಿದ ಪ್ರೋಟೀನು ಅಷ್ಟೇ.

ನೆಗ್ಗಿದ್ದರಲ್ಲಿ ಎಲ್ಲಿ ನೆಗ್ಗಿದೆ ಎಂಬುದು ಮುಖ್ಯ. ಪಕ್ಕದ ಗೋಡೆಯಲ್ಲಿ ಸಣ್ಣ, ಮೊಂಡು ತಗ್ಗು ಇದ್ದರೆ ಬಳಸಬಹುದು. ಮೇಲೆ ಕೆಳಗಿನ ಅಂಚಿನ ಮಡಿಕೆಯ ಮೇಲೆ ನೆಗ್ಗಿದ್ದರೆ, ಅಥವಾ ಚೂಪಾದ ಮೂಲೆಯಂತೆ ಮಡಚಿದ್ದರೆ ಬೇಡ. ಮಡಿಕೆ ಕೂದಲೆಳೆಯಷ್ಟು ಸಡಿಲವಾದರೂ ಗಾಳಿ, ಸೂಕ್ಷ್ಮಜೀವಿ ಒಳಹೋಗುತ್ತವೆ. ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಬೇಡ.

ಉಬ್ಬಿದ ಡಬ್ಬಿ, ಒತ್ತಿದರೆ ಟಿಕ್ ಎಂದು ಒಳಹೋಗಿ ಮತ್ತೆ ಹೊರಬರುವ ಮುಚ್ಚಳ, ತೆರೆದಾಗ ಚಿಮ್ಮುವ ದ್ರವ: ರುಚಿ ನೋಡಿ ತೀರ್ಮಾನಿಸುವುದು ಬೇಡವೇ ಬೇಡ. ಕೆಟ್ಟ ಡಬ್ಬಿಯಲ್ಲಿ ಬ್ಯಾಕ್ಟೀರಿಯಾ ಉಂಟುಮಾಡುವ ಬಾಟ್ಯುಲಿಸಂ ವಿಷಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಾಡಿ, ನಾಯಿ ಬೆಕ್ಕಿಗೂ ಹಾಕಬೇಡಿ.

ಕೆಆರ್‌ಎಸ್_ಗಾಳ:
ಇದನ್ನೇ ಮನೇಲಿ ಮಾಡೋಕಾಗಲ್ವಾ ಸಾರ್? ಮೀನು ಅಗ್ಗ ಇದ್ದಾಗ ಐದಾರು ಕೆಜಿ ತಂದು, ಗಾಜಿನ ಬಾಟ್ಲಿಗೆ ಹಾಕಿ, ಮೇಲೆ ಎಣ್ಣೆ ತುಂಬಿ, ಕುಕ್ಕರ್‌ನಲ್ಲಿ ಅರ್ಧ ಗಂಟೆ ಕೂಗಿಸಿ ಇಟ್ರೆ? ಎಣ್ಣೆ ಇದ್ರೆ ಗಾಳಿ ತಾಗಲ್ಲ, ಕೆಡಲ್ಲ ಅಂತಾರೆ.

ಲ್ಯಾಬ್‌ಕೋಟು:
ದಯವಿಟ್ಟು ಮಾಡಬೇಡಿ. ಗಾಳಿ ತಾಗುವುದಿಲ್ಲ ಎಂಬುದೇ ಇಲ್ಲಿ ಅಪಾಯ. ಬಾಟ್ಯುಲಿಸಂ ವಿಷ ಮಾಡುವ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಗಾಳಿ ಇಲ್ಲದ ಕಡೆಯೇ ಬೆಳೆಯುವ ಬ್ಯಾಕ್ಟೀರಿಯಾ. ಮಣ್ಣು, ಕೆಸರು, ಮೀನಿನ ಕರುಳು, ಎಲ್ಲೆಡೆ ಅದರ ಬೀಜಕಣ ಇರುತ್ತದೆ. ಎಣ್ಣೆ ಹೊದಿಸಿದ ಬಾಟಲಿ ಅದಕ್ಕೆ ಕಟ್ಟಿಕೊಟ್ಟ ಮನೆ. ಉಪ್ಪಿನಕಾಯಿ ಎಣ್ಣೆಯಲ್ಲಿ ಕೆಡದೆ ಉಳಿಯುತ್ತದಲ್ಲವೇ ಎಂದರೆ, ಅದನ್ನು ಕಾಯುವುದು ಎಣ್ಣೆಯಲ್ಲ, ಹುಳಿ ಮತ್ತು ಉಪ್ಪು. ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 4.6ಕ್ಕಿಂತ ಕೆಳಗಿದ್ದರೆ ಈ ಬ್ಯಾಕ್ಟೀರಿಯಾ ಬೆಳೆಯದು. ಮೀನಿನದು 6ರ ಮೇಲೆ.

ಬೀಜಕಣ ಸಾಯಲು ಬಾಟಲಿಯ ನಟ್ಟನಡುವೆ, ಶಾಖ ಕಡೆಗೆ ಮುಟ್ಟುವ ಜಾಗದಲ್ಲಿ, 121 ಡಿಗ್ರಿ ಕನಿಷ್ಠ ಮೂರು ನಿಮಿಷ ನಿಲ್ಲಬೇಕು. ನಡುವಿಗೆ ಆ ಶಾಖ ತಲುಪುವುದೇ ನಿಧಾನ. ಅಮೆರಿಕದ ಕೃಷಿ ಇಲಾಖೆಯ ಕೈಪಿಡಿ ಅರ್ಧ ಲೀಟರಿನಷ್ಟು ಜಾಡಿಯ ಮೀನಿಗೆ 100 ನಿಮಿಷ ಹೇಳುತ್ತದೆ. ಅದೂ ಕ್ಯಾನಿಂಗ್‌ಗೆಂದೇ ಮಾಡಿದ ದೊಡ್ಡ ಪಾತ್ರೆಯಲ್ಲಿ, ಒಳಗಿನ ಗಾಳಿಯನ್ನೆಲ್ಲ ಹತ್ತು ನಿಮಿಷ ಹಬೆಯಿಂದ ಹೊರಹಾಕಿದ ಮೇಲೆ. ನಮ್ಮ ಐದು ಲೀಟರ್ ಕುಕ್ಕರ್ ಬೇಗ ಕಾಯುತ್ತದೆ, ಬೇಗ ಆರುತ್ತದೆ. ಆ ಲೆಕ್ಕಗಳು ಅದಕ್ಕೆ ಹೊಂದುವುದಿಲ್ಲ. ಮೇಲಾಗಿ ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರ. ಇಲ್ಲಿ ನೀರು ಕುದಿಯುವುದೇ 97–98 ಡಿಗ್ರಿಗೆ. ಕುಕ್ಕರ್ ವೆಯ್ಟ್ ಕೊಡುವ ಒತ್ತಡ ಹೊರಗಿನ ಗಾಳಿಯ ಮೇಲೆ ಸೇರುವಂಥದ್ದು, ಹೊರಗೇ ಒತ್ತಡ ಕಡಿಮೆಯಿದ್ದರೆ ಒಳಗೂ ಒಂದೆರಡು ಡಿಗ್ರಿ ಕಡಿಮೆ. ಅನ್ನಕ್ಕೆ ಇದರಿಂದ ತೊಂದರೆ ಇಲ್ಲ, ಬೀಜಕಣಕ್ಕೆ ಆ ಎರಡು ಡಿಗ್ರಿ ದೊಡ್ಡ ರಿಯಾಯಿತಿ.

ನಮ್ಮ ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಿಂದ ಸಿಎಫ್‌ಟಿಆರ್‌ಐ (ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಇದೆ, 1961ರಲ್ಲಿ ಸೈನಿಕರ ಊಟಕ್ಕೆಂದೇ ಡಿಎಫ್‌ಆರ್‌ಎಲ್ (ರಕ್ಷಣಾ ಆಹಾರ ಸಂಶೋಧನಾಲಯ) ಶುರುವಾಯಿತು. ಡಬ್ಬಿಯ ಬದಲು ರಿಟಾರ್ಟ್ ಶಾಖ ತಡೆಯುವ ಚೀಲದಲ್ಲಿ (ರಿಟಾರ್ಟ್ ಪೌಚ್) ಬೇಯಿಸಿದ ಊಟ ತುಂಬಿ ಕೊಡುವ ಕೆಲಸ ಅಲ್ಲಿ ನಡೆದಿದೆ. ಅಂಥ ಊರಲ್ಲಿ ಕೂತು ಕುಕ್ಕರ್‌ನಲ್ಲಿ ಮೀನು ಬಾಟಲಿ ಮಾಡುವುದು ಬೇಡ.

ಕೆಆರ್‌ಎಸ್_ಗಾಳ:
ಸರಿ ಸಾರ್, ಬುಟ್ಟೆ. ಹಂಗಾದ್ರೆ ಜಾಸ್ತಿ ಮೀನು ಇದ್ರೆ ಏನ್ಮಾಡೋದು?

ಮಂಡ್ಯದ_ಒಲೆ:
ಹೊಟ್ಟೆ ಕ್ಲೀನ್ ಮಾಡಿ, ತೊಳೆದು, ನೀರು ಒರೆಸಿ, ಒಂದು ಹೊತ್ತಿಗೆ ಆಗೋಷ್ಟು ಒಂದೊಂದು ಕವರಿಗೆ ಹಾಕಿ ಫ್ರೀಜರ್‌ಗೆ. ಕವರಲ್ಲಿ ಗಾಳಿ ಉಳೀಬಾರ್ದು. ತಿಂಗಳೊಪ್ಪತ್ತು ಚಿಂತೆ ಇಲ್ಲ. ಇಲ್ಲಾಂದ್ರೆ ಉಪ್ಪು ಹಾಕಿ ಒಣಗಿಸಿ, ಬಿಸಿಲು ಗ್ಯಾರಂಟಿ ಇದ್ರೆ ಮಾತ್ರ. ಜುಲೈಲಿ ಕೈ ಹಾಕ್‌ಬ್ಯಾಡಿ, ಒಣಗೋಕೆ ಮುಂಚೆ ಹುಳ ಬೀಳ್ತದೆ.

ಕಾರಂಜಿಕೆರೆ_ಕೊಕ್ಕರೆ:
ತೆರೆದ ಡಬ್ಬಿ ಉಳಿದರೆ ಹಾಗೇ ಫ್ರಿಜ್‌ನಲ್ಲಿ ಇಡಬಹುದಾ? ದಿನಾ ತಿಂದರೆ ಏನಾದರೂ ತೊಂದರೆ?

ಲ್ಯಾಬ್‌ಕೋಟು:
ಡಬ್ಬಿಯಲ್ಲೇ ಬಿಡಬೇಡಿ. ವಿಷವಾಗುತ್ತದೆ ಎಂದಲ್ಲ, ಗಾಳಿ ತಾಗಿದ ತಗಡಿನ ರುಚಿ ಮೀನಿಗೆ ಬರುತ್ತದೆ, ಹುಳಿ ಸಾಸ್ ಇದ್ದರೆ ಇನ್ನೂ ಬೇಗ. ಮುಚ್ಚಳ ಇರುವ ಗಾಜಿನ ಅಥವಾ ಸ್ಟೀಲ್ ಡಬ್ಬಿಗೆ ಹಾಕಿ, ಎರಡು ದಿನದೊಳಗೆ ಮುಗಿಸಿ. ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬಾರದು. ಟ್ಯೂನಾ, ಸಾರ್ಡೀನ್, ಮ್ಯಾಕೆರೆಲ್ ಮೂರರಲ್ಲೂ ಬೆಚ್ಚಗೆ ಬಿಟ್ಟರೆ ಬ್ಯಾಕ್ಟೀರಿಯಾ ಹಿಸ್ಟಮಿನ್ ತಯಾರಿಸುತ್ತವೆ. ಮತ್ತೆ ಕುದಿಸಿದರೂ ಹಿಸ್ಟಮಿನ್ ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪೇರಿ, ತಲೆನೋವು, ಮೈ ತುರಿಕೆ ಬರುತ್ತದೆ. ನಾಲಿಗೆಗೆ ಮೆಣಸು ತಾಗಿದಂತೆ ಚುರುಚುರು ಅಂದರೆ ಅಲ್ಲಿಗೇ ಉಗಿಯಿರಿ. ಡಬ್ಬಿಯನ್ನು ಒಲೆಯ ಮೇಲೆ ನೇರ ಇಟ್ಟು ಬಿಸಿ ಮಾಡುವುದೂ ಬೇಡ, ಒಳಗಿನ ಲೇಪ ಅದಕ್ಕಲ್ಲ. ಮುಚ್ಚಿದ್ದಾದರೆ ಸಿಡಿಯುತ್ತದೆ.

ಯೂರಿಕ್ ಆಮ್ಲ ಜಾಸ್ತಿ ಇರುವವರು, ಗೌಟ್ (ಅದರಿಂದ ಬರುವ ಕೀಲುನೋವು) ಇರುವವರು ಸಾರ್ಡೀನ್ ದೂರ ಇಡಿ, ಯೂರಿಕ್ ಆಮ್ಲವಾಗುವ ಪ್ಯೂರಿನ್ ಅದರಲ್ಲಿ ಜಾಸ್ತಿ. ಬಿಪಿ ಇದ್ದರೆ ಉಪ್ಪುನೀರಿನದನ್ನು ತೊಳೆದು ಬಳಸಿ. ಗರ್ಭಿಣಿಯರಿಗೆ ಪಾದರಸದ ಲೆಕ್ಕ: ಆಲ್ಬಕೋರ್ ಟ್ಯೂನಾದಲ್ಲಿ ಸ್ಕಿಪ್‌ಜ್ಯಾಕ್‌ಗಿಂತ ಜಾಸ್ತಿ, ಸಾರ್ಡೀನ್‌ನಲ್ಲಿ ಬಹಳ ಕಡಿಮೆ. ಡಬ್ಬಿಯ ಮೇಲೆ ಯಾವ ಟ್ಯೂನಾ ಎಂದು ಬರೆದಿರುತ್ತದೆ, ಓದಿ. ಎಷ್ಟು ತಿನ್ನಬಹುದು ಎಂದು ಅವರವರ ಡಾಕ್ಟರನ್ನು ಕೇಳುವುದು ಸರಿ.

ಸರಸ್ವತಿಪುರಂ_ಸೌಟು:
ಬದನೆಕಾಯಿ ಸಾರು ಅಳತೆ ಪ್ರಕಾರವೇ ಮಾಡಿದೆ, ಮೀನು ಇಡಿಯಾಗಿಯೇ ಉಳಿಯಿತು. ಹುಣಸೆ 10 ಗ್ರಾಂ ಸರಿಯಾಯಿತು. ಸಾಸ್‌ನ ಸಿಹಿ ಮಾತ್ರ ಸ್ವಲ್ಪ ಮುಂದೆ ಬಂತು.

ಮಂಡ್ಯದ_ಒಲೆ:
ಅಂಗಾದ್ರೆ ಮುಂದಿನ್ಸಲ ಎರಡು ಟಿನ್ನಲ್ಲಿ ಒಂದರ ಸಾಸು ಮಾತ್ರ ಹಾಕಿ, ಖಾರ ಅರ್ಧ ಚಮಚ ಏರಿಸಿ. ಹುಣಸೆ ಏರಿಸ್‌ಬ್ಯಾಡಿ, ಸಿಹಿಗೆ ಹುಳಿ ಹಾಕಿದ್ರೆ ಗೊಜ್ಜಾಯ್ತದೆ, ಸಾರಾಗಲ್ಲ.

ಸರಸ್ವತಿಪುರಂ_ಸೌಟು:
ಕೊನೆಗೊಂದು. ಸಿಂಕ್ ವಾಸನೆ, ಖಾಲಿ ಡಬ್ಬಿ?

ಗೋಕುಲಂ_ತವಾ:
ಡಬ್ಬಿಯ ಎಣ್ಣೆಯನ್ನು ಸಿಂಕ್‌ಗೆ ಸುರಿಯಬೇಡಿ, ಹಳೇ ಪೇಪರಿಗೆ ಹೀರಿಸಿ ಹಸಿ ಕಸಕ್ಕೆ ಹಾಕಿ. ಪಾತ್ರೆಯನ್ನು ಮೊದಲು ತಣ್ಣೀರಲ್ಲಿ ತೊಳೆಯಿರಿ, ಬಿಸಿನೀರು ಮೀನಿನ ಅಂಶವನ್ನು ಪಾತ್ರೆಗೇ ಬೇಯಿಸಿ ಅಂಟಿಸುತ್ತೆ. ಆಮೇಲೆ ಸಾರಿಗೆ ಹಿಂಡಿದ ಹುಣಸೆ ಸಿಪ್ಪೆಯಲ್ಲೇ ಉಜ್ಜಿ. ಮೀನಿನ ವಾಸನೆಗೆ ಕಾರಣವಾದ ಅಮೀನುಗಳು ಹುಳಿ ತಾಗಿದರೆ ಆವಿಯಾಗುವುದು ನಿಲ್ಲುತ್ತೆ. ಸೋಪು ಕಡೆಗೆ.

ಖಾಲಿ ಡಬ್ಬಿ ಒಮ್ಮೆ ತೊಳೆದು ಒಣ ಕಸಕ್ಕೆ. ಮುಚ್ಚಳದ ಅಂಚು ಬ್ಲೇಡಿನಷ್ಟು ಹರಿತ, ಬಿಡಿಯಾಗಿ ಹಾಕಿದರೆ ಕಸ ಬೇರ್ಪಡಿಸುವ ಪೌರಕಾರ್ಮಿಕರ ಕೈ ಕುಯ್ಯುತ್ತೆ. ಮುಚ್ಚಳವನ್ನು ಡಬ್ಬಿಯ ಒಳಗೆ ಇಳಿಸಿ, ಡಬ್ಬಿಯ ಬಾಯಿಯನ್ನು ಕಾಲಲ್ಲಿ ಒತ್ತಿ ಚಪ್ಪಟೆ ಮಾಡಿ ಹಾಕಿ. ಚಪ್ಪಲಿ ಇರಲಿ.